ನೈಟ್‌ಕ್ಲಬ್ಬಿನ ಬಾಗಿಲಲ್ಲಿ ರಾಗಿ ಮೂಟೆ

ಕಳೆದ ತಿಂಗಳ ಹದಿನಾಲ್ಕನೆಯ ತಾರೀಖು, ಭಾನುವಾರ, ಮಧ್ಯಾಹ್ನ ಮೂರೂ ಕಾಲು ಗಂಟೆ. ಆಧಾರ: ನನ್ನ ದಿನಚರಿ, ಅದನ್ನು ತಾಳೆ ನೋಡಿದ್ದು ಅಡುಗೆಮನೆಯ ಕ್ಯಾಲೆಂಡರಿನೊಂದಿಗೆ. ಸಿಟ್ಟಿಗೂ ತಾರೀಖು ಬೇಕೆನ್ನುವುದು ನನ್ನ ದೌರ್ಬಲ್ಯ. ಹಳೆಯ ಕಡತಗಳ ದಿನಾಂಕಗಳನ್ನು ಒಂದಕ್ಕೊಂದು ತಾಳೆ ಹಾಕುತ್ತಲೇ ನಿವೃತ್ತನಾದ ಸಂಶೋಧಕ ನಾನು. ಹಾಲು ಒಡೆಯಿತೆಂದು ಹೆಂಡತಿ ಹೇಳಿದರೆ, ಯಾವಾಗ, ಕಂಡವರು ಯಾರು ಎಂದು ಕೇಳಿ ಬೈಸಿಕೊಳ್ಳುತ್ತೇನೆ. ಆದ್ದರಿಂದ ಖಚಿತಪಡಿಸಿಕೊಂಡೇ ಹೇಳುತ್ತಿದ್ದೇನೆ: ಅಂದು ಆ ಗಳಿಗೆಯಲ್ಲಿ ಏರಿದ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಮುಳಬಾಗಿಲಿನ ಮುನಿವೆಂಕಟಪ್ಪ ನನಗಿಂತ ಎರಡು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ನಮ್ಮ ಕಡೆಯ ಮದುವೆಗಳಿಗೆಲ್ಲ ಅವನದೇ ಮೈಕ್‌ಸೆಟ್. ಎರಡು ರೆಕಾರ್ಡ್ ಪ್ಲೇಯರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದರ ಹಾಡು ಮುಗಿಯುವುದಕ್ಕೆ ಒಂದುಸಿರು ಮುಂಚೆ ಇನ್ನೊಂದರ ಮುಳ್ಳನ್ನು ಇಳಿಸುತ್ತಿದ್ದ. ಅವೆರಡೂ ಕೂರುತ್ತಿದ್ದುದು ಅರ್ಧ ತುಂಬಿದ ರಾಗಿ ಮೂಟೆಯ ಮೇಲಿಟ್ಟ ಹಲಗೆಯ ಮೇಲೆ. ಬೀಗರು ಎಷ್ಟೇ ಕುಣಿಯಲಿ, ನೆಲದ ಅದುರಾಟವೆಲ್ಲ ರಾಗಿಯೊಳಗೇ ಇಂಗಿಹೋಗುತ್ತಿತ್ತು, ಮುಳ್ಳು ಕದಲುತ್ತಿರಲಿಲ್ಲ. ಡಿ.ಜೆ. ಎಂಬ ಪದವನ್ನು ಕೋಲಾರ ಸೀಮೆ ಕೇಳುವ ಮೊದಲೇ ಅವನು ಆ ಕೆಲಸವನ್ನು ಮುಗಿಸಿ ಪೆಟ್ಟಿಗೆ ಮುಚ್ಚಿದ್ದ.

ಈಚೆಗೆ ಒಂದು ದಿನ ಬಂದು, "ಅಣ್ಣಯ್ಯ, ಕೈ ನಡುಗೋಕೆ ಶುರುವಾಗೈತೆ. ಇನ್ನಾರು ತಿಂಗಳು ಹೋದ್ರೆ ಮುಳ್ಳು ಇಳ್ಸೋಕಾಗಲ್ಲ. ಜನರ ಮುಂದೆ ಒಂದೇ ಒಂದ್ಸಲ ಪ್ಲೇಟು ಹಾಕ್ಬೇಕು. ಮನೇಲಿ ಗೋಡೆಗೆ ಎಷ್ಟಂತ ಕೇಳಿಸ್ಲಿ?" ಎಂದ.

ನರಸಾಪುರದ ಕೈಗಾರಿಕಾ ಪ್ರದೇಶದ ಬಳಿ ಹೊಸದಾಗಿ ಒಂದು ನೈಟ್‌ಕ್ಲಬ್ ತೆರೆದಿದೆ. ರಾತ್ರಿ ಪಾಳಿಯವರಿಗೆ ಹಗಲೇ ಬಿಡುವಾದ್ದರಿಂದ, ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಪ್ಪು ಪರದೆ ಎಳೆದು ಅಲ್ಲಿ ರಾತ್ರಿಯನ್ನು ತಯಾರಿಸುತ್ತಾರೆ. ಅದರ ಮ್ಯಾನೇಜರನಿಗೆ ನಾಲ್ಕು ಪುಟಗಳ ಮನವಿ ಬರೆದೆ. "ನನ್ನ ಮದುವೆಯಲ್ಲಿ ಎರಡು ದಿನ, ಒಮ್ಮೆಯೂ ಮುಳ್ಳು ಜಾರದಂತೆ ಹಾಡು ಕೇಳಿಸಿದವನು" ಎಂಬ ಪ್ರಮಾಣವಚನವನ್ನೂ ಸೇರಿಸಿದೆ. ನಾಲ್ಕು ಪುಟ ಓದುವುದಕ್ಕಿಂತ ಅರ್ಧ ಗಂಟೆ ಕೊಡುವುದೇ ಸುಲಭವೆನಿಸಿತೋ ಏನೋ, ಒಪ್ಪಿಕೊಂಡ.

ಮೇಲೆ ಹೇಳಿದ ಮೂರೂ ಕಾಲು ಗಂಟೆಗೆ ನಾವು ಆಟೋದಿಂದ ಇಳಿದೆವು: ಎರಡು ಪ್ಲೇಯರು, ಒಂದು ತಗಡಿನ ಪೆಟ್ಟಿಗೆ, ಒಂದು ರಾಗಿ ಮೂಟೆ. ಮ್ಯಾನೇಜರು ಬಾಗಿಲಲ್ಲೇ ತಡೆದ.

"ಅಂಕಲ್, ಚೀಲ ಒಳಗೆ ಬೇಡ. ಲುಕ್ ಹೋಗುತ್ತೆ."

ಮೂಟೆಯ ವೈಜ್ಞಾನಿಕ ಮಹತ್ವವನ್ನು ನಾನು ವಿವರಿಸತೊಡಗಿದಾಗ ಮುನಿವೆಂಕಟಪ್ಪ ನನ್ನ ತೋಳು ಹಿಡಿದು, "ಬಿಡಿ ಅಣ್ಣಯ್ಯ, ನಮ್ಮನ್ನ ಒಳಗೆ ಬಿಟ್ಟಿದ್ದೇ ದೊಡ್ದು" ಎಂದ. ಮೂಟೆ ಬಾಗಿಲಲ್ಲೇ ಉಳಿಯಿತು. ಕಾವಲುಗಾರ ಅದರ ಮೇಲೆ ಆರಾಮವಾಗಿ ಕುಳಿತ.

ಒಳಗೆ ಗೋಡೆಯ ತುಂಬ ಅಲಂಕಾರಕ್ಕೆಂದು ಹಳೆಯ ರೆಕಾರ್ಡುಗಳು. "ಅಯ್ಯೋ ದೇವುಡಾ, ಮೊಳೆ ಹೊಡ್ದವ್ರಲ್ಲ!" ಎಂದು ಮುನಿವೆಂಕಟಪ್ಪ ಒಂದನ್ನು ಸವರಿ ನೋಡಿದ. "ಈ ಪ್ಲೇಟಿಗೆ ನಾನು ಹುಡುಕದಿರೋ ಅಂಗಡಿ ಇಲ್ಲ, ಅಣ್ಣಯ್ಯ."

ಡಿ.ಜೆ. ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಸಿಕ್ಕಿಸಿಕೊಂಡು ಎರಡು ತಟ್ಟೆಗಳನ್ನು ತಿಕ್ಕುತ್ತಿದ್ದ. ಮೂಲವನ್ನು ನೋಡದೆ ನಂಬುವ ಅಭ್ಯಾಸ ನನಗಿಲ್ಲ. ಹಿಂದೆ ಹೋಗಿ ಬಗ್ಗಿ ನೋಡಿದೆ. ಹಾಡು ಬರುತ್ತಿದ್ದುದು ಲ್ಯಾಪ್‌ಟಾಪಿನಿಂದ.

"ಇವು ತಿರುಗದಿದ್ದರೆ ಹಾಡು ನಿಲ್ಲುತ್ತದೆಯೇ?"

"ಇಲ್ಲ ಅಂಕಲ್, ಅದರ ಪಾಡಿಗೆ ಅದು ಬರುತ್ತೆ. ಸುಮ್ನೆ ನಿಂತ್ರೆ ಜನ ಏನಂತಾರೆ?"

ಗಾಜಿನ ಮೇಜಿನ ಮೇಲೆ ಪ್ಲೇಯರುಗಳನ್ನಿಟ್ಟು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಮುನಿವೆಂಕಟಪ್ಪ ಮುಳ್ಳನ್ನು ಇಳಿಸಿದ. ಮೊದಲ ಹಾಡು ನಿರ್ವಿಘ್ನವಾಗಿ ಮುಗಿಯಿತು; ಫೋನು ನೋಡುತ್ತಿದ್ದವರು ತಲೆಯೆತ್ತಿದರು. ಎರಡನೆಯದಕ್ಕೆ ಜನ ಎದ್ದು ಕುಣಿದರು. ಅದೇ ಕೇಡಾಯಿತು. ನೆಲ ಅದುರಿತು, ಗಾಜು ಅದುರಿತು, ಮುಳ್ಳು ಹಾರಿ ಅರ್ಧ ಸಾಲನ್ನೇ ಏಳು ಸಲ ಹಾಡಿತು. ಏಳು ಸಲ; ನಾನು ಎಣಿಸಿದ್ದೇನೆ. ಜನ ನಕ್ಕರು. ಡಿ.ಜೆ. ಒಂದು ಗುಂಡಿ ಒತ್ತಿದ. ಅದೇ ಹಾಡು ಲ್ಯಾಪ್‌ಟಾಪಿನಿಂದ ಬಂತು. ಜೊತೆಗೆ ಹಳೆಯ ರೆಕಾರ್ಡಿನ ಚರಚರ ಸದ್ದೂ ಬಂತು!

"ಅದೇನದು ಸದ್ದು?"

"ಓಲ್ಡ್ ಎಫೆಕ್ಟ್ ಅಂಕಲ್. ಬೇಕಂತಲೇ ಹಾಕಿದೀನಿ, ಜನಕ್ಕೆ ಇಷ್ಟ."

ಅಸಲು ಗೀರನ್ನು ಬದಿಗೊತ್ತಿ ನಕಲಿ ಗೀರನ್ನು ಕೂರಿಸಿದ ಈ ಪಾಷಂಡಿಗೆ ನನಗೆ ತಿಳಿದ ಮೂರು ಭಾಷೆಗಳಲ್ಲೂ ಬೈದೆ. ರೆಕಾರ್ಡುಗಳನ್ನು ಕೊಂದವರು ನೀವೇ, ಕೊಂದು ಗೋಡೆಗೆ ಮೊಳೆ ಹೊಡೆದವರೂ ನೀವೇ ಎಂದು ಕೂಗಿದೆ. ಮುನಿವೆಂಕಟಪ್ಪ ತಲೆತಗ್ಗಿಸಿ ಪೆಟ್ಟಿಗೆ ತುಂಬುತ್ತಿದ್ದ. ಅಳುತ್ತಿದ್ದಾನೆಂದುಕೊಂಡು ಇನ್ನೂ ಜೋರಾಗಿ ಬೈದೆ.

ಮನೆಗೆ ಬಂದು ಪತ್ರಿಕೆಗೆ ಒಂದು ಉಗ್ರ ಪತ್ರ ಬರೆದೆ. ಸಾಕ್ಷ್ಯವಾಗಿ ನನ್ನ ಮದುವೆಯನ್ನೇ ಉಲ್ಲೇಖಿಸಿದೆ. ಅಂಚೆಗೆ ಹಾಕುವ ಮುನ್ನ ತಾರೀಖನ್ನು ತಾಳೆ ನೋಡೋಣವೆಂದು, ಟ್ರಂಕಿನ ತಳದಲ್ಲಿದ್ದ ಮದುವೆ ವರ್ಷದ ದಿನಚರಿಯನ್ನು ವಾರವೆಲ್ಲ ಹುಡುಕಿ ತೆಗೆದೆ. ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಆಮೇಲೆ ಮುನಿವೆಂಕಟಪ್ಪನಿಗೆ ಫೋನು ಮಾಡಿ ಅದನ್ನೇ ಓದಿ ಹೇಳಿದೆ.

"ನಿನಗೆ ಇದು ನೆನಪಿತ್ತೇನಯ್ಯ?"

"ಇರ್ದೇ ಇರುತ್ತಾ ಅಣ್ಣಯ್ಯ?"

"ಮತ್ತೆ ಅವತ್ತು ಕ್ಲಬ್ಬಿನಲ್ಲಿ ಒಂದು ಮಾತು ಹೇಳಬಾರದಿತ್ತೇ?"

ಆಚೆಯಿಂದ ನಗೆ ಕೇಳಿಸಿತು. "ನೀವು ಅಷ್ಟು ಚೆನ್ನಾಗಿ ಬೈತಿದ್ರಿ. ಇಷ್ಟು ವರ್ಷದಲ್ಲಿ ನನ್ನ ಪರವಾಗಿ ಯಾರೂ ಹಂಗೆ ಬೈದಿರ್ಲಿಲ್ಲ, ನಿಲ್ಸೋಕೆ ಮನಸ್ಸಾಗ್ಲಿಲ್ಲ. ಈ ಭಾನುವಾರ ಪೆಟ್ಟಿಗೆ ತರ್ಲಾ? ಅಕ್ಕಪಕ್ಕದೋರ್ನ ಕರೀರಿ. ನಿಮ್ಮ ಮದುವೇದು ಇನ್ನೂ ಬಾಕಿ ಐತಲ್ಲ."

ಪತ್ರವನ್ನು ಅಂಚೆಗೆ ಹಾಕಲಿಲ್ಲ. ದಿನಚರಿಯ ನಮೂದನ್ನು ಮಾತ್ರ ಇದ್ದಂತೆಯೇ ಕೆಳಗೆ ಕೊಡುತ್ತಿದ್ದೇನೆ. ತಾರೀಖು ಸರಿಯಿದೆ, ಅಕ್ಷರವೂ ನನ್ನದೇ.

"ಬೆಂಗಳೂರಿನಿಂದ ಹೊಸ ಕ್ಯಾಸೆಟ್ ಪ್ಲೇಯರ್ ತರಿಸಿದೆ. ಈ ಕಾಲದಲ್ಲಿ ರೆಕಾರ್ಡು ಯಾರು ಕೇಳುತ್ತಾರೆಂದು ಹೇಳಿ ಮುನಿವೆಂಕಟಪ್ಪನ ಪೆಟ್ಟಿಗೆ ತೆರೆಯಿಸಲಿಲ್ಲ. ಎರಡು ದಿನವೂ ತನ್ನ ರಾಗಿ ಮೂಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಊಟ ಹಾಕಿಸಲಾಯಿತು."