ಒದ್ದೆಯಾದ ಮಂಜುಗಾಜು ಮತ್ತು ನನ್ನ ಮದುವೆ

ಗಾಜಿನಂಗಡಿ ಇಟ್ಟವನಿಗೆ ಒಂದಲ್ಲ ಒಂದು ಪಜೀತಿ ಕಾದೇ ಇರುತ್ತದೆ. ಬೆಳಕು ಯಾರ ಮಾತನ್ನೂ ಕೇಳುವುದಿಲ್ಲ, ಗಿರಾಕಿ ನಮ್ಮ ಮಾತನ್ನು ಕೇಳುವುದಿಲ್ಲ. ಬರೆಯುವುದು ನನಗೆ ಇದೇ ಮೊದಲು. ಆದ್ದರಿಂದ ಎಲ್ಲವನ್ನೂ ವಿವರಿಸಿಬಿಡುತ್ತೇನೆ. ಹಿರಿಯೂರಿನಲ್ಲಿ ನನ್ನದು ಗಾಜು ಮತ್ತು ಹಸಿರು ನೆರಳುಬಲೆ ಮಾರುವ ಅಂಗಡಿ. ಆಗ ಹೊಸದುರ್ಗದ ಒಂದು ಹೆಣ್ಣು ನನಗೆ ಒಪ್ಪಿಗೆಯಾಗಿತ್ತು, ಹೆಣ್ಣಿಗೂ ನಾನು ಒಪ್ಪಿಗೆಯಾಗಿದ್ದೆ. (ಎರಡನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ.) ಅವಳ ತಂದೆ ಮಾತ್ರ, "ಕಸುಬು ನೆಟ್ಟಗೆ ಗೊತ್ತಿರೋನಿಗೇ ಮಗಳ್ನ ಕೊಡೋದು" ಎಂದು ಪಟ್ಟು ಹಿಡಿದಿದ್ದರು. ಅವರಿಗೆ ಅರವತ್ತಾದರೂ ಮೀಸೆ ಕಾಡಿಗೆಯಂತೆ ಕಪ್ಪು. "ಬಣ್ಣ ಮುಟ್ಟಿದೋನಲ್ಲ ನಾನು" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಮೀಸೆಯ ವಿಷಯ ಏಕೆ ಬಂತು ಎಂಬುದು ಆಮೇಲೆ ಗೊತ್ತಾಗುತ್ತದೆ.

ವಕೀಲರ ಕಿಟಕಿ

ಚಿತ್ರದುರ್ಗದಲ್ಲಿ ಬಸ್ ಸ್ಟಾಪಿನ ಪಕ್ಕದಲ್ಲೇ ಇದ್ದ ವಕೀಲರೊಬ್ಬರ ಆಫೀಸಿಗೆ ಕನ್ನಡಿಯಂಥ ಗಾಜು ಹಾಕಿದೆ. ಹಗಲಲ್ಲಿ ಹೊರಗೆ ಬೆಳಕು ಹೆಚ್ಚು. ಹೊರಗಿನವರಿಗೆ ಅದರಲ್ಲಿ ತಮ್ಮ ಮುಖವೇ ಕಾಣುತ್ತದೆ, ಒಳಗಿನವರಿಗೆ ಹೊರಗಿನದೆಲ್ಲ ಕಾಣುತ್ತದೆ.

ಮರುದಿನವೇ ಫೋನು. "ಏನ್ರಿ, ಬಸ್ಸಿಗೆ ಕಾಯೋರೆಲ್ಲ ಬಂದು ನನ್ ಮುಂದೆ ಹಲ್ಲು ಕಿಸೀತಾರೆ! ಒಬ್ಬ ಮೂಗಿನ ಕೂದ್ಲು ಕೀಳ್ತಾ ಅವ್ನೆ, ಇಲ್ಲಿ ಕಕ್ಷಿದಾರ ಕುಂತವ್ನೆ!"

"ಒಳಗೆ ದೊಡ್ಡ ಲೈಟು ಹಾಕ್ರಿ ಸಾರ್. ನೀವು ಕಂಡ್ರೆ ನಾಚ್ಕೊಂಡು ಹೋಗ್ತಾರೆ" ಎಂದೆ.

ಸಂಜೆಯಾಗಿ ಹೊರಗೆ ಕತ್ತಲಾಯಿತು, ಒಳಗೆ ಲೈಟು ಉರಿಯುತ್ತಿತ್ತು, ಲೆಕ್ಕ ತಿರುಗಿಬಿತ್ತು. ಈಗ ವಕೀಲರಿಗೆ ಗಾಜಿನಲ್ಲಿ ತಮ್ಮ ಮುಖ ಮಾತ್ರ. ಒಳ್ಳೇ ಕನ್ನಡಿ ಸಿಕ್ಕಿತೆಂದು ಬನಿಯನ್ನಿನಲ್ಲಿ ನಿಂತು, ಮಾರನೇ ದಿನದ ವಾದವನ್ನು ಕೈ ಬೀಸಿ ಕೂಗಿ ಅಭ್ಯಾಸ ಮಾಡಿದರಂತೆ. ಹೊರಗೆ ನೋಡುತ್ತ ನಿಂತವರು ಮೂರು ಬಸ್ಸು ಬಿಟ್ಟರಂತೆ. ಅವರಲ್ಲಿ ಎದುರು ಪಾರ್ಟಿಯವನೂ ಇದ್ದನಂತೆ.

ಅರ್ಧದಲ್ಲಿ ಅರ್ಧ

ಆದಿವಾಲದ ರೈತರೊಬ್ಬರು ಐವತ್ತರ ನೆರಳುಬಲೆ ಎರಡು ಒಯ್ದರು. ಐವತ್ತು ಎಂದರೆ ಅರ್ಧ ಬಿಸಿಲು ತಡೆಯುವಂಥದ್ದು. ಒಂದರ ಮೇಲೊಂದು ಕಟ್ಟಿ, ಕೆಳಗೆ ಮಂಚ ಹಾಕಿ ಮಲಗಿ, ಬೆವರುತ್ತಾ ವಾಪಸ್ ಬಂದರು.

"ಐವತ್ತು ಐವತ್ತು ಸೇರಿದ್ರೆ ನೂರಲ್ವೇನಪ್ಪ? ಪೂರ್ತಿ ಕತ್ಲಾಗ್ಬೇಕಿತ್ತು!"

"ಮೊದಲ್ನೇದು ಅರ್ಧ ಬಿಡ್ತೈತೆ. ಎರಡ್ನೇದು ಆ ಅರ್ಧದಾಗೆ ಅರ್ಧ ಬಿಡ್ತೈತೆ. ಕಾಲುಭಾಗ ಬಂದೇ ಬರ್ತೈತೆ ರಿ."

"ಮೂರ್ನೇದು ಕಟ್ಟಿದ್ರೆ?"

"ಕಾಲಿನಾಗೆ ಅರ್ಧ."

"ನಾಕ್ನೇದು?"

"ಅದ್ರಾಗೆ ಅರ್ಧ."

"ಲೇ, ಹಂಗಾದ್ರೆ ಕತ್ಲು ಆಗೋದು ಯಾವಾಗ್ಲೋ?"

"ಸಂಜೆ ಆರೂವರೆಗೆ ರಿ."

ಬಚ್ಚಲ ಕಿಟಕಿ

ಆ ರೈತರು ಹೆಣ್ಣಿನ ತಂದೆಯ ಷಡ್ಡಕರಂತೆ. ನನಗೇನು ಗೊತ್ತು? ವಾರದೊಳಗೆ ಸುದ್ದಿ ಹೊಸದುರ್ಗಕ್ಕೆ ಮುಟ್ಟಿ, ಹೆಣ್ಣಿನ ತಂದೆಯಿಂದಲೇ ಕರೆ ಬಂತು. "ನಮ್ಮ ಬಚ್ಚಲಿಗೆ ಗಾಜು ಹಾಕ್ರಿ. ಒಳಗಿಂದು ಚೂರೂ ಕಾಣಬಾರ್ದು. ಕಂಡ್ರೆ ಸಂಬಂಧ ಇಲ್ಲಿಗೇ ಮುಗೀತು."

ಮಂಜುಗಾಜು ಹಾಕಿದೆ. ಅದರ ಒಂದು ಮೈ ನುಣುಪು, ಇನ್ನೊಂದು ತರಿತರಿ. ತರಿ ಬೆಳಕನ್ನು ಚೆದುರಿಸುತ್ತದೆ. ಬೆಳಕು ಬರುತ್ತದೆ, ಆಕಾರ ಬರುವುದಿಲ್ಲ. ಆದರೆ ತರಿಗೆ ನೀರು ತಾಗಿದರೆ ತಗ್ಗುಗಳೆಲ್ಲ ತುಂಬಿ, ಗಾಜು ತಿಳಿಯಾಗಿಬಿಡುತ್ತದೆ. ಆದ್ದರಿಂದ ತರಿ ಬಚ್ಚಲ ಕಡೆಗೆ ಇರಬಾರದು. ಗಾಬರಿಯಲ್ಲಿ ನಾನು ಬಚ್ಚಲ ಕಡೆಗೇ ಇಟ್ಟಿದ್ದೆ.

ಅವರು ಹೊರಗಿನಿಂದ ಮೂಗು ಒತ್ತಿ ನೋಡಿದರು. "ಭೇಷ್! ಏನೂ ಕಾಣಲ್ಲ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಹೊರಗೆ ನಿಂತು ಚೌಕಟ್ಟಿನ ಸಂದಿ ಮುಚ್ಚುವ ಲಪ್ಪ, ಅಂದರೆ ಪುಟ್ಟಿ, ಮೆತ್ತುತ್ತಿದ್ದೆ. ಒಳಗೆ ನಲ್ಲಿ ಭರ್ರೆಂದಿತು, ನೀರು ಗಾಜಿಗೆ ಚಿಮ್ಮಿತು, ಗಾಜು ಕಣ್ಣು ಬಿಟ್ಟಿತು. ಒಂದು ಮೊಳ ದೂರದಲ್ಲಿ ನನ್ನ ಭಾವೀ ಮಾವ: ಕೈಯಲ್ಲಿ ಬ್ರಷ್ಷು, ಅರ್ಧ ಮೀಸೆ ಕಾಡಿಗೆ, ಅರ್ಧ ಮಲ್ಲಿಗೆ.

ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದರು. "ಏನಾದ್ರೂ ಕಾಣ್ತಾ?"

"ಇಲ್ರಿ. ಬಲಗಡೆ ಮೀಸೆ ಬಿಳಿ ಐತೆ ಅನ್ನೋದು ಕಾಣ್ಲೇ ಇಲ್ಲ."

ಅವರು ನನ್ನನ್ನು ನೋಡಿದರು, ಗಾಜನ್ನು ನೋಡಿದರು, ಅಡುಗೆಮನೆ ಕಡೆ ಕೂಗಿದರು. "ಏನೇ, ಜೋಯಿಸರಿಗೆ ಫೋನ್ ಮಾಡು. ಲಗ್ನಕ್ಕೆ ದಿನ ನೋಡಾಣ."

ಒಳಗಿನಿಂದ ಅತ್ತೆಯ ದನಿ. "ಯಾಕ್ರಿ, ಹುಡುಗನಿಗೆ ಕಸುಬು ಬರ್ತೈತಾ?"

"ಇಲ್ಲ ಕಣೇ. ಆದ್ರೆ ಒಳಗಿಂದು ನೋಡ್ಬಿಟ್ಟೋನು ಇನ್ಮೇಲೆ ಹೊರಗಿನೋನಾಗಿ ಇರಂಗಿಲ್ಲ!"