ಹಾಕಿದ ಕ್ಲೋರಿನ್ ಹೋದದ್ದೆಲ್ಲಿಗೆ?

ಬೇರೆಯವರ ಕೆಲಸದಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತದೋ ಏನೋ, ನನ್ನ ಕೆಲಸದಲ್ಲಿ ಮಾತ್ರ ಇದ್ದದ್ದು ಇಲ್ಲವಾಗುವುದೇ ದಿನದ ಕಥೆ. ಹಾಸನದಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡಿಕೊಂಡಿದ್ದವನು ನಾನು. ಸುತ್ತಮುತ್ತ ಒಂದಷ್ಟು ಜನ ಮನೆಯಲ್ಲೇ ಸ್ವಿಮ್ಮಿಂಗ್ ಪೂಲ್ ಕಟ್ಟಿಸಿಕೊಂಡ ಮೇಲೆ ಅವುಗಳ ನೀರು ನೋಡಿಕೊಳ್ಳುವವನಾದೆ. ಕೇಳಲಿಕ್ಕೆ ಸುಲಭದ ಕೆಲಸ. ನೀರಿಗೆ ಕ್ಲೋರಿನ್ ಹಾಕಬೇಕು. ಆಮೇಲೆ ಗಾಜಿನ ಕೊಳವೆಯಲ್ಲಿ ಒಂದಿಷ್ಟು ನೀರು ಹಿಡಿದು ಪರೀಕ್ಷೆಯ ಗುಳಿಗೆ ಬಿಡಬೇಕು. ಗುಲಾಬಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬಾರದಿದ್ದರೆ ಇಲ್ಲ.

ಈ ಬೇಸಿಗೆಯಲ್ಲಿ ಎಲ್ಲಿ ಹೋದರೂ ಬಣ್ಣ ಬರಲಿಲ್ಲ. ಪೂಲ್ ಇರುವವರದ್ದೆಲ್ಲ ಒಂದು ವಾಟ್ಸಾಪ್ ಗ್ರೂಪ್ ಇದೆ. ನಾನು ಕ್ಲೋರಿನ್‌ಗೆ ನೀರು ಬೆರೆಸುತ್ತೇನೆಂದು ಅದರಲ್ಲಿ ಯಾರೋ ಹಾಕಿದರು. ಹಾಲಿನವರ ಮೇಲೆ ಬರುವ ಮಾತು ನನ್ನ ಮೇಲೂ ಬಂತು. ಆ ಗ್ರೂಪ್‌ನಲ್ಲಿ ಹೆಸರು ಕೆಟ್ಟರೆ ನನ್ನ ಅನ್ನಕ್ಕೇ ಕಲ್ಲು. ಎಷ್ಟು ಸಂಕಟವಾಯಿತೆಂದರೆ, ಕರೆಯದಿದ್ದರೂ ಮನೆಮನೆಗೆ ಹೊರಟೆ.

ಮಾಳಿಗೆಯ ಮೇಲಿನ ಕ್ಯಾನ್

ಮೊದಲು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯ ಮನೆ. ದಿನಾ ಸಂಜೆ ಪೂಲ್‌ಗೆ ಹಾಕಿ ಎಂದು ಒಂದು ಕ್ಯಾನ್ ಕ್ಲೋರಿನ್ ಕೊಟ್ಟು ಬಂದಿದ್ದೆ. ತಪ್ಪದೆ ಹಾಕಿದ್ದರಂತೆ. ನೀರು ಮಾತ್ರ ಪಾಚಿ ಕಟ್ಟಿ ಹಸಿರಾಗಿತ್ತು.

"ಏನಯ್ಯಾ, ಕ್ಯಾನಲ್ಲಿ ಏನ್ ತುಂಬ್ಕೊಟ್ಟಿದ್ದೀಯ?" ಎಂದರು ವ್ಯಾಪಾರಿ.

ಕ್ಯಾನಿಗೆ ಮೂಗು ಇಟ್ಟೆ. ಘಾಟಿಗೆ ಕಣ್ಣಲ್ಲಿ ನೀರು ಬರಬೇಕಾಗಿತ್ತು. ಏನೂ ಇಲ್ಲ, ಬಾವಿ ನೀರಿನ ಹಾಗಿದೆ. ನಿಜವಾಗಿಯೂ ನೀರು ತುಂಬಿಸಿಬಿಟ್ಟೆನೇ ಎಂದು ನನಗೇ ಅನುಮಾನ ಬಂತು. ಅಷ್ಟರಲ್ಲಿ ಅವರ ತಾಯಿ ಮಾಳಿಗೆಯಿಂದ ಸಂಡಿಗೆ ಮೊರ ಹಿಡಿದು ಇಳಿದು ಬಂದರು.

"ಆ ಕ್ಯಾನಾ? ಮನೆಯೆಲ್ಲ ಗಬ್ಬು ನಾರ್ತಿತ್ತು ಕಣಪ್ಪಾ. ಅದ್ಕೇ ದಿನಾ ಮುಚ್ಚಳ ತೆಗ್ದು ಸಂಡಿಗೆ ಪಕ್ಕ ಬಿಸ್ಲಿಗೆ ಮಡಗ್ತಿದ್ದೆ."

ಬಿಸಿಲು ತಗುಲಿದರೆ ಕ್ಲೋರಿನ್ ಸತ್ತೇಹೋಗುತ್ತದೆ ಎಂದು ವಿವರಿಸಿದೆ. ಗ್ರೂಪ್‌ನಲ್ಲಿ ಒಂದು ಮಾತು ಹಾಕಿ ಎಂದು ಕೈಮುಗಿದೆ. "ನಮ್ಮವ್ವನ ಸುದ್ದಿ ಅಲ್ಲೆಲ್ಲ ಆಕಕ್ಕಾಯ್ತದಾ?" ಎಂದರು ವ್ಯಾಪಾರಿ. ಅಜ್ಜಿಗೆ ನನ್ನ ಮುಖ ನೋಡಿ ಕನಿಕರ ಬಂತು.

"ಯೋಚ್ನೆ ಮಾಡ್ಬ್ಯಾಡ ಬುಡು ಮಗಾ. ಇನ್ನೊಂದು ಕ್ಯಾನ್ ತಂದ್ಕೊಡು, ಅದ್ರ ವಾಸ್ನೇನೂ ನಾನೇ ತೆಗ್ದ್ಕೊಡ್ತೀನಿ."

ಕಷಾಯ

ಅರಕಲಗೂಡಿನ ಆಚೆ, ಕೊಣನೂರು ರಸ್ತೆಯಲ್ಲಿ ಒಬ್ಬ ದೊಡ್ಡ ಜಮೀನುದಾರರ ಹೊಸ ಮನೆ. ಅಲ್ಲಿ ಕ್ಯಾನ್ ನೆರಳಲ್ಲೇ ಇತ್ತು, ಘಾಟೂ ಇತ್ತು. ಆದರೆ ಪೂಲ್‌ಗೆ ಸುರಿದ ಕ್ಲೋರಿನ್ ಬೆಳಗಾಗುವುದರೊಳಗೆ ಮಾಯ. ತಳದಲ್ಲಿ ಕೆಮ್ಮಣ್ಣು.

"ಈ ಮಣ್ಣು ಎಲ್ಲಿಂದ ಬಂತು?" ಎಂದೆ.

"ಗಾಳಿಗೆ ಬಂದಿದ್ದು ಸಾ" ಎಂದರು ಜಮೀನುದಾರರು.

ಎಂಥ ಗಾಳಿಯೋ, ನನಗೆ ತಲೆಬುಡ ಅರ್ಥವಾಗಲಿಲ್ಲ. ನೀರಿನಿಂದ ಬರುತ್ತಿದ್ದ ವಾಸನೆ ನಮ್ಮ ಮನೆಯಲ್ಲಿ ಕೆಮ್ಮು ಬಂದಾಗ ಒಲೆಯ ಮೇಲೆ ಕುದಿಯುತ್ತದಲ್ಲ, ಅದೇ. ಕೊನೆಗೆ ಪಂಪಿನ ಜಾಲರಿ ಬುಟ್ಟಿ ಬಿಚ್ಚಿದೆ. ಒಳಗೆ ಶುಂಠಿ, ಬೆರಳು ಬೆರಳುದ್ದದ್ದು.

ಕಿತ್ತ ಶುಂಠಿಯನ್ನು ಮೂಟೆಗಟ್ಟಲೆ ತಂದು ಪೂಲ್‌ನಲ್ಲಿ ತೊಳೆಯುತ್ತಿದ್ದರು. "ಏನ್ ಬೆಳ್ಳಗಾಯ್ತದೆ ಅಂತೀರಾ ಸಾ! ನಮ್ಮ ಉಡ್ಗ್ರು ಇದ್ರಲ್ಲೇ ಈಜ್ತಾವೆ, ಒಂದಕ್ಕೂ ಶೀತ ಇಲ್ಲ" ಎಂದು ನನಗೇ ಸರ್ಟಿಫಿಕೇಟ್ ಕೊಟ್ಟರು.

ಇದ್ದ ಕ್ಲೋರಿನ್ನೆಲ್ಲ ಶುಂಠಿಯ ಮಣ್ಣು ತೊಳೆಯುವುದಕ್ಕೇ ಖರ್ಚಾಗುತ್ತಿದೆ, ಇನ್ನು ಮೇಲೆ ಶುಂಠಿ ಇಳಿಸಬೇಡಿ ಎಂದು ಬೇಡಿಕೊಂಡೆ. ಬುಟ್ಟಿಯಲ್ಲಿದ್ದ ಶುಂಠಿಯನ್ನು ಒಂದೊಂದಾಗಿ ಆರಿಸಿಕೊಂಡರು.

"ಆಯ್ತು ಬುಡಿ ಸಾ, ನಿಮ್ಮ ಮಾತ್ಗೆ ಬೆಲೆ ಕೊಡ್ತೀನಿ. ಇನ್ಮ್ಯಾಕೆ ಆಲೂಗಡ್ಡೆ ಒಂದೇ."

ಎರಡು ಶುದ್ಧಿ

ಹೊಳೆನರಸೀಪುರದ ನಿವೃತ್ತ ಮೇಷ್ಟ್ರು ಗ್ರೂಪ್‌ನ ಹಿರಿಯರು. ಅವರು ಒಂದು ಮಾತು ಬರೆದರೆ ಎಲ್ಲರೂ ಒಪ್ಪುತ್ತಾರೆ. ನನ್ನ ಹಣೆಬರಹ ಅವರ ಕೈಲಿತ್ತು. ಹೋದ ಕೂಡಲೇ ಹೇಳಿದರು: "ಇವತ್ತು ನಿಮ್ಮ ಕ್ಲೋರಿನ್ ನಿಲ್ಲದಿದ್ರೆ, ನಿಮ್ಮನ್ನ ಕರೀಬೇಡಿ ಅಂತ ಗ್ರೂಪ್‌ನಲ್ಲಿ ಹಾಕಿಬಿಡ್ತೀನಿ."

ಅವರ ಕಣ್ಣೆದುರೇ ಹೊಸ ಕ್ಯಾನಿನ ಸೀಲ್ ಒಡೆದು ಸುರಿದೆ. ಪಂಪ್ ಓಡಿಸಿ ಪರೀಕ್ಷೆ ಮಾಡಿದರೆ ಚೆಂದದ ಗುಲಾಬಿ ಬಣ್ಣ. ಒಳಗೆ ಹೋಗಿ ತಿಂಡಿ ತಿಂದು, ಕಾಫಿ ಕುಡಿದು ಬಂದರೆ ಬಣ್ಣವೇ ಇಲ್ಲ! ಮೂಗಿಗೆ ಮಾತ್ರ ವಿಪರೀತ ಘಾಟು. ಇನ್ನೊಂದು ಕ್ಯಾನ್ ಸುರಿದೆ. ಮತ್ತೆ ಗುಲಾಬಿ. ಊಟಕ್ಕೆ ಕೂತು ಎದ್ದು ಬಂದರೆ ಮತ್ತೆ ಬಣ್ಣವಿಲ್ಲ. ಮೇಷ್ಟ್ರು ಮೊಬೈಲ್ ತೆಗೆದರು.

"ಇನ್ನೊಂದೇ ಒಂದು ಸಲ" ಎಂದು ಕೊನೆಯ ಕ್ಯಾನನ್ನೂ ಸುರಿದು, ಅವರನ್ನೂ ಎಳೆದುಕೊಂಡು ದಾಸವಾಳದ ಗಿಡದ ಹಿಂದೆ ಕೂತೆ.

ಹಿತ್ತಿಲ ಕೊಟ್ಟಿಗೆಯಿಂದ ಮೇಷ್ಟ್ರ ತಾಯಿ ಬಂದರು. ಕೈಯಲ್ಲೊಂದು ಬಕೆಟ್. ಅತ್ತಿತ್ತ ನೋಡಿ, ಏನೋ ಮಂತ್ರ ಗುನುಗುತ್ತಾ ಬಕೆಟ್ಟನ್ನು ಪೂಲ್‌ಗೆ ಬಗ್ಗಿಸಿದರು.

"ಅಮ್ಮಾ, ಏನದು?" ಮೇಷ್ಟ್ರು ಎದ್ದೇಬಿಟ್ಟರು.

"ಗಂಜಲ ಕಣೋ. ಇವನು ಅದ್ಯಾವುದೋ ವಿಷ ಸುರಿದು ಮೈಲಿಗೆ ಮಾಡ್ತಾನೆ. ನೀನೋ ಬೆಳಗಾದ್ರೆ ಅದೇ ನೀರಲ್ಲಿ ನಿಂತು ಸಂಧ್ಯಾವಂದನೆ ಮಾಡ್ತೀಯ. ಶುದ್ಧಿ ಮಾಡ್ಬೇಡ್ವೇ?"

"ಅಜ್ಜೀ, ಅದು ವಿಷ ಅಲ್ಲ, ಕ್ರಿಮಿ ಸಾಯಲಿ ಅಂತ ಹಾಕೋದು" ಎಂದೆ.

"ನಾನೂ ಅದಕ್ಕೇ ಹಾಕೋದು!"

ನನ್ನ ಕ್ಲೋರಿನ್ನೆಲ್ಲ ಅವರ ಗಂಜಲಕ್ಕೇ ಖರ್ಚಾಗಿ ಬರೀ ಘಾಟು ಉಳಿಯುತ್ತಿತ್ತು. ಬೆಳಗಿನಿಂದ ನಾನೂ ಅಜ್ಜಿಯೂ ಸರದಿಯ ಮೇಲೆ ಒಂದೇ ನೀರನ್ನು ಶುದ್ಧ ಮಾಡುತ್ತಿದ್ದೆವು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಗಂಜಲಕ್ಕಲ್ಲ. ಹಿಂದಿನ ಭಾನುವಾರ ಗ್ರೂಪ್‌ನವರೆಲ್ಲ ಹೆಂಡತಿ ಮಕ್ಕಳ ಸಮೇತ ಬಂದು ಇದೇ ಪೂಲ್‌ನಲ್ಲಿ ಸಂಜೆಯವರೆಗೆ ಮುಳುಗೆದ್ದಿದ್ದರು. ನಿಜ ಬರೆದರೆ ಮೇಷ್ಟ್ರ ಗತಿ ಏನು, ಬರೆಯದಿದ್ದರೆ ನನ್ನ ಗತಿ ಏನು? ಬಹಳ ಹೊತ್ತು ಒದ್ದಾಡಿ ಬರೆದರು: 'ಪರೀಕ್ಷಿಸಿ ನೋಡಿದ್ದೇನೆ. ಕ್ಲೋರಿನ್ ಅಸಲಿ. ನಮ್ಮ ನೀರೇ ಅತಿಯಾಗಿ ಶುದ್ಧವಾಗಿತ್ತು.'

ನನ್ನ ಹೆಸರು ಉಳಿಯಿತು. ಸಮಾಧಾನದಿಂದ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೇಷ್ಟ್ರ ಮೊಬೈಲ್ ಟಣ್ ಟಣ್ ಎನ್ನತೊಡಗಿತು. ಎಲ್ಲರದ್ದೂ ಒಂದೇ ಪ್ರಶ್ನೆ: 'ಅದಕ್ಕೇ ಹೋದ ವಾರ ಮೈ ಅಷ್ಟು ಹಗುರಾಗಿತ್ತು ಸಾರ್! ಏನು ಹಾಕ್ತೀರಿ? ನಮಗೂ ಕಳಿಸಿ.'

ಮೇಷ್ಟ್ರು ತಲೆ ಮೇಲೆ ಕೈಹೊತ್ತು ಅದನ್ನು ಓದಿ ಹೇಳಿದರು. ಅಜ್ಜಿ ಮಾತ್ರ ಸಂತೋಷದಿಂದ ನನ್ನ ಖಾಲಿ ಕ್ಯಾನುಗಳ ಕಡೆ ತಿರುಗಿದರು.

"ಎಲ್ಲ ಮನೆಗೂ ನೀನೇ ತಾನೇ ಹೋಗೋದು? ತೊಳೆದು ಕೊಡಪ್ಪಾ, ತುಂಬಿಸಿಕೊಡ್ತೀನಿ."