ಅರಕಲಗೂಡಿನಲ್ಲಿ ಸಾಣೆ ಹಿಡಿಸಿದ ಸ್ಕೀ

ನಾನು ಯಾವ ವಸ್ತುವನ್ನೂ ಪೂರ್ತಿ ಓದಿಕೊಳ್ಳದೆ ಮುಟ್ಟುವವಳಲ್ಲ. ಮಿಕ್ಸಿ ಕೊಂಡರೆ ಮೊದಲು ಕೈಪಿಡಿ, ಆಮೇಲೆ ಚಟ್ನಿ. ಆದ್ದರಿಂದ ಸ್ಕೀ ಕೊಳ್ಳುವ ಮೊದಲು ಎರಡು ತಿಂಗಳು ಅದರ ಬಗ್ಗೆ ಓದಿದೆ ಎಂದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಆಶ್ಚರ್ಯಪಡಬೇಕಾದ್ದು ಬೇರೆ. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ, ಬಸ್ಸಿನಲ್ಲಿ ಪಕ್ಕದವರು ಊರು ಕೇಳಿದರೂ ಒಂದೇ ಪದದಲ್ಲಿ ಉತ್ತರಿಸುವ ನನಗೆ ಸ್ಕೀ ಯಾಕೆ ಬೇಕಾಯಿತು?

ಸ್ಕೀ ಎಂದರೆ ಹಿಮದ ಮೇಲೆ ಜಾರಲು ಒಂದೊಂದು ಕಾಲಿಗೆ ಒಂದೊಂದರಂತೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ. ಹೋದ ಚಳಿಗಾಲದಲ್ಲಿ ಹಿಮಾಚಲಕ್ಕೆ ಹೋಗಿ ಹತ್ತು ದಿನ ಅದರ ತರಬೇತಿ ಪಡೆದಿದ್ದೆ. ಮನೆಯಲ್ಲಿ ಕಾಲೇಜಿನವರ ‘ಓರಿಯೆಂಟೇಶನ್ ಕೋರ್ಸ್’ ಎಂದಿದ್ದೆ. ಎರಡು ದಿನ ದೊಡ್ಡವರ ಜೊತೆ ನನ್ನನ್ನು ನೋಡಿದ ತರಬೇತುದಾರರು ಮೂರನೇ ದಿನ ಮಕ್ಕಳ ಬ್ಯಾಚಿಗೆ ವರ್ಗಾಯಿಸಿದರು. ಅಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ತನ್ನ ಚಾಕೊಲೇಟು ಮುರಿದು ಅರ್ಧ ನನಗೆ ಕೊಟ್ಟು, “ಅಳಬೇಡಿ ಆಂಟಿ” ಎಂದಳು. ನಾನು ಅಳುತ್ತಿರಲಿಲ್ಲ. ಕನ್ನಡಕದೊಳಗೆ ಹಿಮ ಕರಗುತ್ತಿತ್ತು, ಅಷ್ಟೆ!

ಊರಿಗೆ ಬಂದ ಮೇಲೆ, ಭಾವನೆಗಳನ್ನು ಬದಿಗಿಟ್ಟು, ಈ ವೈಫಲ್ಯಕ್ಕೆ ಕಾರಣವೇನೆಂದು ನಿಷ್ಪಕ್ಷಪಾತವಾಗಿ ವಿಚಾರಣೆ ನಡೆಸಿದೆ. ತಪ್ಪು ಬಾಡಿಗೆ ಸ್ಕೀಗಳದ್ದು ಎಂದು ಸಾಬೀತಾಯಿತು. ಅವುಗಳ ಅಂಚು ಮೊಂಡಾಗಿತ್ತು.

ಈ ವರ್ಷ ಎರಡನೇ ಹಂತದ ತರಬೇತಿಗೆ ಹೆಸರು ಕೊಟ್ಟೆ. ನಿಯಮ ಸರಳವಾಗಿತ್ತು. ಮೊದಲ ದಿನ ಸಣ್ಣ ಇಳಿಜಾರಿನಲ್ಲಿ ಬೀಳದೆ ನಾಲ್ಕು ತಿರುವು ತೆಗೆದುಕೊಳ್ಳಬೇಕು. ಬಿದ್ದವರು ಮತ್ತೆ ಮಕ್ಕಳ ಬ್ಯಾಚಿಗೆ. ಎಂಎಸ್ಸಿಯಲ್ಲಿ ಮೊದಲ ದರ್ಜೆ ಪಡೆದವಳು ಎರಡನೇ ಸಲ ಮಕ್ಕಳ ಬ್ಯಾಚಿಗೆ ಹೋಗುವುದೆಂದರೆ! ಅದೊಂದು ಆಗಬಾರದಿತ್ತು.

ಆಗಲೇ ಅಂತರ್ಜಾಲದಲ್ಲಿ ಆ ಸ್ಕೀಗಳು ಕಂಡವು. ‘ಆಲ್ ಮೌಂಟನ್ ಕಾರ್ವಿಂಗ್ ಸ್ಕೀ’. ಅಂದರೆ ಎಲ್ಲ ಬಗೆಯ ಬೆಟ್ಟಕ್ಕೂ ಹೊಂದುವಂಥದ್ದು, ಉಕ್ಕಿನ ಅಂಚಿನ ಮೇಲೆ ಒರಗಿ ದುಂಡಗೆ ತಿರುಗಬಲ್ಲಂಥದ್ದು. ಹೋದ ವರ್ಷದ ಬಣ್ಣವೆಂಬ ಒಂದೇ ಅಪರಾಧಕ್ಕಾಗಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿದಿತ್ತು. ಬೀಳುವವರ ಸ್ಕೀಯ ಬಣ್ಣವನ್ನು ಯಾರು ನೋಡುತ್ತಾರೆ? ತರಿಸಿದೆ.

ಪಾರ್ಸೆಲ್ಲನ್ನು ಗುಟ್ಟಾಗಿ ಬಿಡಿಸಿಕೊಳ್ಳುವುದು ನನ್ನ ಯೋಜನೆ. ಐದೂವರೆ ಅಡಿ ಉದ್ದದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಕೊರಿಯರ್‌ನವರು ನಮ್ಮ ಬೀದಿಯ ಪ್ರತಿ ಮನೆಯಲ್ಲೂ ನನ್ನ ಹೆಸರು ಹೇಳಿ ವಿಚಾರಿಸುತ್ತಾ ಬಂದರು. ಅವರು ನಮ್ಮ ಗೇಟು ಮುಟ್ಟುವ ಹೊತ್ತಿಗೆ ಪಕ್ಕದ ಮನೆಯ ಸರೋಜಮ್ಮ ಆಂಟಿ ಕಾಂಪೌಂಡಿಗೆ ಒರಗಿಯಾಗಿತ್ತು.

“ಏನ್ರೀ, ಮಂಚನಾ?” ಎಂದರು ನಮ್ಮಮ್ಮನಿಗೆ. “ಸಂಬಂಧ ಕುದುರ್ತಾ? ಹೇಳ್ಲೇ ಇಲ್ಲ ನೋಡಿ!”

ಅಮ್ಮನ ಮುಖ ಅರಳಿತು. ಒಂದು ಕ್ಷಣ, ತನಗೇ ತಿಳಿಯದಂತೆ ಮಗಳು ಸಂಬಂಧ ಕುದುರಿಸಿಕೊಂಡು ಮಂಚವನ್ನೂ ತರಿಸಿದ್ದಾಳೆಂದು ಪಾಪ ನಂಬಿಬಿಟ್ಟರು.

“ಕಾಲೇಜಿನ ಉಪಕರಣ ಆಂಟಿ,” ಎಂದು ಒಳಗೆ ಎಳೆದುಕೊಂಡೆ.

ಅರ್ಧ ಗಂಟೆಯಲ್ಲಿ ಚನ್ನರಾಯಪಟ್ಟಣದಿಂದ ಸರೋಜಮ್ಮನ ತಂಗಿ ಅಮ್ಮನಿಗೆ ಫೋನು ಮಾಡಿ, “ಹುಡುಗ ಯಾವೂರು?” ಎಂದು ಕೇಳಿದರು.

ಅಮ್ಮ ಫೋನಿನಲ್ಲಿದ್ದಾಗ ನಾನು ಹಾಲಿನಲ್ಲಿ ಸ್ಕೀ ಕಟ್ಟಿಕೊಂಡೆ. ಎಂಥಾ ಚೆಲುವು! ನಡು ಸಣ್ಣ, ತುದಿ ಅಗಲ, ಕನ್ನಡಿಯಂಥ ಮೈ. ಜೊತೆಗೇ ತರಿಸಿದ್ದ ಬೂಟಿನ ಹಿಮ್ಮಡಿ ಸ್ಕೀಯ ಕೀಲಿನಲ್ಲಿ ‘ಟಕ್’ ಎಂದು ಕೂತಾಗ ನಾನು ಬೇರೆಯೇ ಹೆಣ್ಣಾಗಿದ್ದೆ. ಆ ಬೇರೆ ಹೆಣ್ಣು ಒಂದು ಸುತ್ತು ತಿರುಗಿ ನೋಡಿಕೊಳ್ಳೋಣವೆಂದುಕೊಂಡಳು. ಮುಂತುದಿಗಳು ಟೀವಿ ಸ್ಟ್ಯಾಂಡಿನ ಕೆಳಗೆ ಹೋದವು. ಹಿಂತುದಿಗಳು ದೇವರ ಮನೆಯೊಳಗೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

“ಚಪ್ಪಲಿ ಹಾಕ್ಕೊಂಡು ದೇವ್ರ ಮನೆಗೆ ಹೋಗ್ತಾರೇನೇ?” ಎಂದರು ಅಮ್ಮ ಬಾಗಿಲಲ್ಲಿ ನಿಂತು.

ಹಿಮ್ಮಡಿಯ ಕೀಲನ್ನು ಲಟ್ಟಣಿಗೆಯಿಂದ ಒತ್ತಿ ಅಮ್ಮನೇ ನನ್ನನ್ನು ಬಿಡಿಸಬೇಕಾಯಿತು. ಪ್ರತಿಯಾಗಿ ನಾನು ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಹಿಮಾಚಲ, ಇಳಿಜಾರು, ಪರೀಕ್ಷೆ, ಎಲ್ಲ.

ಅಮ್ಮ ತಾಳ್ಮೆಯಿಂದ ಕೇಳಿ, “ಬೆಟ್ಟ ಹತ್ತಿಸಿ ಆಮೇಲೆ ಇಳಿಸ್ತಾರಾ?” ಎಂದರು.

“ಹೂಂ.”

“ಇಳಿಯೋದೇ ಆದ್ರೆ ಹತ್ತೋದ್ಯಾಕೆ? ಕೆಳಗೇ ಇದ್ದಿದ್ರೆ ಆಗ್ತಿರ್ಲಿಲ್ವಾ?”

ನಾನು ಕೈಪಿಡಿ ತೆರೆದು ಪುಟ ಮಗುಚತೊಡಗಿದೆ.

ಇನ್ನು ಹದಗೊಳಿಸುವ ಕೆಲಸ. ಹೊಸ ಸ್ಕೀಯನ್ನು ಬಂದ ಹಾಗೇ ಬಳಸಬಾರದು, ತಳಕ್ಕೆ ಮೇಣ ಕರಗಿಸಿ ಹಚ್ಚಬೇಕು, ಅಂಚಿಗೆ ಸಾಣೆ ಹಿಡಿಸಬೇಕು ಎಂದು ಓದಿದವರೆಲ್ಲ ಹೇಳುತ್ತಾರೆ. ಸ್ಕೀ ಮೇಣ ಹಾಸನದಲ್ಲಿ ಎಲ್ಲಿ ಸಿಗಬೇಕು? ಆದರೆ ಮೇಣದಬತ್ತಿಯೂ ಮೇಣವೇ ತಾನೆ! ರಸಾಯನಶಾಸ್ತ್ರ ಓದಿದ್ದಕ್ಕೆ ಇಷ್ಟೂ ಪ್ರಯೋಜನವಾಗದಿದ್ದರೆ ಹೇಗೆ? ಅಂಗಡಿಗೆ ಹೋಗಿ ಎರಡು ಡಜನ್ ಕೇಳಿದೆ.

“ಕರೆಂಟ್ ತೆಗೀತಾರಾ ಮೇಡಂ?” ಎಂದರು ಅಂಗಡಿಯವರು.

“ಗೊತ್ತಿಲ್ಲ,” ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಮಾತು ಕಡಿಮೆಯಿರುವವರು ‘ಗೊತ್ತಿಲ್ಲ’ ಎಂದರೆ ಜನ ಅದನ್ನು ಸರ್ಕಾರಿ ರಹಸ್ಯವೆಂದು ತಿಳಿಯುತ್ತಾರೆ. ಸಂಜೆಯೊಳಗೆ ಆ ಅಂಗಡಿಯಲ್ಲಿ ಮೇಣದಬತ್ತಿ ಖಾಲಿ. ಸರೋಜಮ್ಮ ಆಂಟಿ ಕಾಂಪೌಂಡಿನ ಆಚೆಯಿಂದ, “ಮೂರ್ ದಿನ ಕರೆಂಟಿಲ್ವಂತೆ ಕಣ್ರೀ, ಮೂರ್ ದಿನದ ದೋಸೆ ಹಿಟ್ಟು ಇವತ್ತೇ ರುಬ್ಬಿಟ್ಟೆ,” ಎಂದರು. ಕರೆಂಟು ಹೋಗಲೇ ಇಲ್ಲ. ಮೂರು ದಿನ ನಮಗೂ ಆ ಮನೆಯಿಂದ ದೋಸೆ ಬಂತು. ಕೊನೆಯ ದಿನದ್ದು ಬಹಳ ಹುಳಿ.

ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿದೆ. ಸ್ಕೀಯ ತಳ ಫಳಫಳ ಹೊಳೆಯಿತು. ಮರುದಿನ ಅದೇ ಇಸ್ತ್ರಿಪೆಟ್ಟಿಗೆ ತಾಗಿದ ಅಮ್ಮನ ಬ್ಲೌಸೂ ಹೊಳೆಯಿತು. “ನೀರು ಬಿದ್ರೆ ನಿಲ್ಲಲ್ಲ, ಉರುಳಿಹೋಗ್ತಿದೆ,” ಎಂದರು ಅಮ್ಮ. ಅದು ಮೆಚ್ಚುಗೆಯಾಗಿರಲಿಲ್ಲ.

ಅಂಚಿನ ಸಾಣೆಗೆ ದಾರಿ ತೋರಿಸಿದವರು ರಂಗಣ್ಣ ಮಾವ, ನಮ್ಮಮ್ಮನ ತಮ್ಮ. ಹೊಳೆನರಸೀಪುರದ ಹತ್ತಿರ ಅವರದ್ದೊಂದು ಅಕ್ಕಿ ಗಿರಣಿಯಿದೆ. ಅಮ್ಮ ಅವರಿಗೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದರು.

“ಅರಕಲಗೂಡಲ್ಲಿ ನಮ್ಮ ಕುಲುಮೆ ಆಚಾರ್ರು ಅವ್ರೆ ಕಣವ್ವ,” ಎಂದರು ಮಾವ. “ಅವ್ರು ಸಾಣೆ ಹಿಡ್ದಿರೋ ಮಚ್ಚಲ್ಲಿ ಗಡ್ಡ ಕೆರ್ಕಬೋದು. ಅಲ್ಲಿ ಮುಗಿಸ್ಕಂಡು ಸೀದಾ ನಮ್ಮ ಮಿಲ್ಲಿಗೆ ಬಾ. ಹಿಂದುಗಡೆ ಭತ್ತದ ಹೊಟ್ಟಿನ ಗುಡ್ಡೆ ಐತೆ. ಎಷ್ಟ್ ಬೇಕಾದ್ರೂ ಜಾರ್ಕೊ.”

“ಮಾವ, ದಯವಿಟ್ಟು ಯಾರಿಗೂ ಹೇಳ್ಬೇಡಿ.”

“ನಾನ್ಯಾಕವ್ವ ಹೇಳ್ಲಿ!”

ಭಾನುವಾರ ಅರಕಲಗೂಡಿಗೆ ಹೋದೆ. ಕುಲುಮೆಯ ಮುಂದೆ ಕುಡುಗೋಲು, ಗುದ್ದಲಿ ಹಿಡಿದ ಐದಾರು ಜನ ರೈತರು ಕಾಯುತ್ತಾ ಕೂತಿದ್ದರು. ಎಲ್ಲರೂ ನನ್ನ ಹೆಗಲ ಮೇಲಿದ್ದ ಸ್ಕೀಗಳ ಕಡೆ ನೋಡಿದರು. ಅಂಚು ಎಂಬತ್ತೆಂಟು ಡಿಗ್ರಿಯಲ್ಲಿರಬೇಕು. ಅಳತೆಗೆಂದು ರಟ್ಟಿನಲ್ಲಿ ಕತ್ತರಿಸಿ ತಂದಿದ್ದ ಮೂಲೆಯನ್ನು ಆಚಾರ್ರಿಗೆ ಕೊಟ್ಟೆ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಅದರಿಂದ ಬೆನ್ನು ಕೆರೆದುಕೊಂಡು, ಪಕ್ಕಕ್ಕಿಟ್ಟರು.

“ಏನ್ ಕುಯ್ಯಕವ್ವ ಇದು?”

ಈಗ ನಾನು ಹಿಮದಿಂದ ಶುರುಮಾಡಬೇಕಿತ್ತು. ಹಿಮಾಚಲ, ಇಳಿಜಾರು, ತಿರುವು, ಮಕ್ಕಳ ಬ್ಯಾಚು. ಆರೇಳು ಜನ ಅಪರಿಚಿತರೆದುರು! ಬಾಯಿ ಬರಲಿಲ್ಲ. ಅಷ್ಟರಲ್ಲಿ ಒಬ್ಬ ರೈತರೇ ನನ್ನ ಪರವಾಗಿ ಉತ್ತರಿಸಿದರು.

“ಜ್ವಾಳದ ಮೇವು ಕುಯ್ಯೋದಿರ್ಬೇಕು ಕಣಣ್ಣ. ಕಾಲಿಗೆ ಕಟ್ಕಂಡು ಸುಮ್ಕೆ ನಡ್ಕಂಡೋಗದು. ಒಂದೇ ಸಲ ಎರಡ್ ಸಾಲು!”

“ಬಗ್ಗಂಗೇ ಇಲ್ಲ!” ಎಂದರು ಇನ್ನೊಬ್ಬರು, ಸೊಂಟ ನೀವಿಕೊಳ್ಳುತ್ತಾ. “ಸಬ್ಸಿಡೀಲಿ ಬಂದದಾ ತಾಯಿ?”

“ಮೇವು ಕುಯ್ಯೋದೇನವ್ವ?” ಎಂದು ಆಚಾರ್ರು ಮತ್ತೆ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ. ಒಂದೇ ಒಂದು ಸಲ. ವಿವರಣೆ ಕೊಡುವುದು ತಪ್ಪಿತಲ್ಲ ಎಂದು ನೆಮ್ಮದಿಯೂ ಆಯಿತು.

“ಅಂಗಾರೆ ಓಗಿ ಕಾಪಿ ಕುಡ್ಕಂಡ್ ಬನ್ನಿ.”

ಕಾಫಿ ಕುಡಿದು ಬರುವಷ್ಟರಲ್ಲಿ ಸ್ಕೀಗಳನ್ನು ಗೋಣಿಚೀಲದಲ್ಲಿ ಸುತ್ತಿ, ಹುರಿಯಿಂದ ಬಿಗಿದು ಇಟ್ಟಿದ್ದರು. “ಇಲ್ಲಿ ಬಿಚ್ಬ್ಯಾಡಿ, ಕೈ ಕುಯ್ದೋಯ್ತದೆ. ನೀವು ಕೇಳಿದ್ಕಿಂತ ಒಂದ್ ಕೆಲ್ಸ ಜಾಸ್ತೀನೇ ಮಾಡಿವ್ನಿ ಕಣವ್ವ,” ಎಂದರು ಆಚಾರ್ರು. ಅಂಥ ಶ್ರದ್ಧೆ ಈಗೆಲ್ಲಿ ಕಾಣಸಿಗುತ್ತದೆ ಎಂದು ಕೈಮುಗಿದು ಹೊಳೆನರಸೀಪುರದ ಬಸ್ಸು ಹತ್ತಿದೆ.

ಗಿರಣಿಯ ಹಿಂದೆ ನಲವತ್ತು ಜನ ಸೇರಿದ್ದರು. ಕುರ್ಚಿ ಹಾಕಿತ್ತು!

“ನಾನ್ ಯಾರ್ಗೂ ಹೇಳ್ಲಿಲ್ಲ ಕಣವ್ವ,” ಎಂದರು ಮಾವ ಪ್ರಾಮಾಣಿಕವಾಗಿ. “ಡ್ರೈವರ್‌ಗೆ ಒಬ್ಬಂಗೆ ಅಂದೆ.”

ಹೊಟ್ಟಿನಲ್ಲಿ ಕಾಲು ಹೂತುಹೋಗಬಾರದೆಂದು ಅವರು ಗುಡ್ಡೆಯ ನೆತ್ತಿಯಿಂದ ಬುಡದವರೆಗೆ ಹೊಚ್ಚಹೊಸ ಟಾರ್ಪಾಲು ಹಾಸಿ, ಅದರ ಮೇಲೆ ಎರಡು ಬಕೆಟ್ ಸೋಪಿನ ನೀರು ಸುರಿಸಿದ್ದರು. ಇಬ್ಬರು ಹಮಾಲರು ಹಿಂದಿನಿಂದ ದೂಡಿ ನನ್ನನ್ನು ಮೇಲೆ ಹತ್ತಿಸಿದರು. ನೆತ್ತಿಯಲ್ಲಿ ಕೂತು ಬೂಟು ಬಿಗಿದುಕೊಂಡು, ಗೋಣಿಚೀಲ ಬಿಚ್ಚಿದೆ.

ಅಂಚಿಗೆ ಹಲ್ಲು ಬಂದಿತ್ತು.

ಕುಡುಗೋಲಿಗೆ ಇರುತ್ತದಲ್ಲ, ಸಣ್ಣಸಣ್ಣ, ಒತ್ತೊತ್ತಾದ, ಒಂದೇ ಕಡೆ ವಾಲಿದ ಹಲ್ಲು. ಅದು. ತುದಿಯಿಂದ ತುದಿಯವರೆಗೆ, ಎರಡೂ ಸ್ಕೀಗಳ ಎರಡೂ ಅಂಚಿಗೆ. ಇಂಚಿಗೆ ಹನ್ನೆರಡು. ಗಾಬರಿಯಾದಾಗ ನಾನು ಎಣಿಸುತ್ತೇನೆ.

“ಏನವ್ವ ತಡ?” ಎಂದು ಕೆಳಗಿನಿಂದ ಮಾವ ಕೂಗಿದರು. “ಬಿಸ್ಲು ಏರ್ತಾ ಐತೆ!”

ಎರಡೇ ದಾರಿಗಳಿದ್ದವು. ನಲವತ್ತು ಜನರಿಗೆ ನಡೆದದ್ದನ್ನು ವಿವರಿಸಿ ಕೆಳಗಿಳಿಯುವುದು, ಇಲ್ಲವೇ ಜಾರುವುದು. ಜಾರುವುದರಲ್ಲಿ ಮಾತಾಡುವ ಪ್ರಮೇಯವಿರಲಿಲ್ಲ. ಜಾರಿದೆ.

ಇಲ್ಲಿ ಒಂದು ಮಾತು ದಾಖಲಾಗಬೇಕು. ಮೇಣದಬತ್ತಿಯ ಮೇಣ ಅದ್ಭುತವಾಗಿ ಕೆಲಸ ಮಾಡಿತು! ಸೋಪಿನ ನೀರಿನೊಂದಿಗೆ ಸೇರಿ ಅದು ಕೊಟ್ಟ ವೇಗವನ್ನು ಹಿಮಾಚಲದಲ್ಲೂ ನಾನು ಕಂಡಿರಲಿಲ್ಲ. ಗಾಳಿ ಕಿವಿಯಲ್ಲಿ ಕೂಗಿತು, ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ಕೆಡಿಸಿತು. ಈಗ ಒಂದು ತಿರುವು ತೋರಿಸಿಬಿಡೋಣವೆಂದು ಅಂಚಿನ ಮೇಲೆ ಒರಗಿದೆ.

ಪರ್‍ರ್!

ಟಾರ್ಪಾಲು ಬಾಯಿಬಿಟ್ಟಿತು. ನಾನು ಒಳಗೆ ಹೋದೆ. ಗುಡ್ಡೆ ಕುಸಿದು ಮೇಲೆ ಮುಚ್ಚಿಕೊಂಡಿತು. ನೋಡಿದವರು ಹೇಳುವಂತೆ, ಹೊರಗೆ ಉಳಿದದ್ದು ಎರಡು ಸ್ಕೀ ತುದಿಗಳು ಮತ್ತು ಒಂದು ಕೈಗವಸು. ಒಳಗೆ ಕತ್ತಲೆ, ಬೆಚ್ಚಗೆ, ಯಾರೂ ಮಾತಾಡಿಸುವವರಿಲ್ಲ. ನಿಜ ಹೇಳಬೇಕೆಂದರೆ, ಆ ದಿನದ ಅತ್ಯಂತ ನೆಮ್ಮದಿಯ ಗಳಿಗೆ ಅದೇ.

ಹಮಾಲರು ಮಂಕರಿಯಲ್ಲಿ ಹೊಟ್ಟು ಬಾಚಿ ನನ್ನನ್ನು ಹೊರಗೆಳೆದರು. ಗಿರಣಿಯಲ್ಲಿ ಅಕ್ಕಿ ಕೇರುವ ಅಜ್ಜಿಯೊಬ್ಬರು ಸೆರಗಿನಿಂದ ನನ್ನ ಕಿವಿ ಒರೆಸುತ್ತಾ, “ಇದ್ನ ದುಡ್ ಕೊಟ್ ಕಲೀತೀಯಾ ಮಗ?” ಎಂದು ಕೇಳಿದರು. ಮಾವ ಮಾತ್ರ ಟಾರ್ಪಾಲಿನ ಹತ್ತಿರವೇ ನಿಂತಿದ್ದರು. ಸೀಳಿದ ಅಂಚನ್ನು ಬೆರಳಲ್ಲಿ ಸವರಿ, “ಕತ್ರೀಲಿ ಕತ್ರಿಸ್ದಂಗೈತೆ! ಕೆಲ್ಸ ಅಂದ್ರೆ ಆಚಾರ್ರದ್ದು ಕಣ್ರಲಾ!” ಎಂದರು. ನಲವತ್ತು ಜನರೂ ಸಾಲಾಗಿ ಬಂದು ನೋಡಿ ತಲೆದೂಗಿದರು.

ಒಂದು ವಾರ ನನ್ನ ತಲೆಯಿಂದ ಹೊಟ್ಟು ಉದುರಿತು. ಹಾಜರಿ ಪುಸ್ತಕದ ಮೇಲೂ ಉದುರಿತು. ವಿದ್ಯಾರ್ಥಿಗಳು ಏನೂ ಕೇಳಲಿಲ್ಲ. ಗಿರಣಿಯಲ್ಲಿ ಯಾರೋ ತೆಗೆದ ವಿಡಿಯೋವನ್ನು ಎಲ್ಲರೂ ನೋಡಿದ್ದರು.

ತರಬೇತಿಗೆಂದು ಹಿಮಾಚಲ ತಲುಪಿದಾಗ, ಅಲ್ಲಿನ ಸ್ಕೀ ರಿಪೇರಿ ಅಂಗಡಿಯವರು ಅಂಚಿನ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಳಗಿನಿಂದ ತಮ್ಮ ತಂದೆಯನ್ನು ಕರೆದರು. ತಂದೆ ಪಕ್ಕದ ಅಂಗಡಿಯವರನ್ನು ಕರೆದರು. ಮೂವರೂ ಫೋಟೋ ತೆಗೆದುಕೊಂಡರು. ಯಾರು ಮಾಡಿದ್ದೆಂದು ಕೇಳಿದ್ದಕ್ಕೆ ನಾನು ‘ಗೊತ್ತಿಲ್ಲ’ ಎಂದೆ. ಇಡೀ ಮಧ್ಯಾಹ್ನ ಕೂತು ಹಲ್ಲು ಉಜ್ಜಿ ತೆಗೆದು, ಎಂಬತ್ತೆಂಟು ಡಿಗ್ರಿಗೆ ತಂದು, ಅಸಲಿ ಮೇಣ ಹಚ್ಚಿ ಕೊಟ್ಟರು. ಈಗ ಸ್ಕೀಗಳಲ್ಲಿ ಒಂದೇ ಒಂದು ದೋಷವಿರಲಿಲ್ಲ. ನನಗೆ ಮೊದಲ ಬಾರಿ ಭಯವಾಯಿತು.

ಪರೀಕ್ಷೆಯ ಇಳಿಜಾರು ನಮ್ಮ ಮಾವನ ಹೊಟ್ಟಿನ ಗುಡ್ಡೆಗಿಂತ ಸ್ವಲ್ಪವೇ ದೊಡ್ಡದು. ಮೊದಲ ತಿರುವಿನಲ್ಲೇ ಬಿದ್ದೆ. ಎಡಗಾಲಿನ ಸ್ಕೀ ಕಳಚಿಕೊಂಡಿತು. ಕಳಚಿದ ಸ್ಕೀ ತಾನೇ ನಿಲ್ಲಲೆಂದು ಅದಕ್ಕೊಂದು ಬ್ರೇಕು ಇರುತ್ತದೆ. ಅದರೊಳಗೆ ಇನ್ನೂ ಹೊಟ್ಟು ಇದ್ದಿರಬೇಕು. ನಾನಿಲ್ಲದೆ ಅದು ಒಂದೇ ಹದದಲ್ಲಿ, ಎಲ್ಲೂ ಅಲುಗಾಡದೆ, ಮೆಲ್ಲಗೆ ವಾಲಿ ತಿರುಗಿ, ಕೆಳಗೆ ನಿಂತಿದ್ದ ತರಬೇತುದಾರರ ಪಾದದ ಹತ್ತಿರ ಹೋಗಿ ನಿಂತಿತು.

ಅವರು ಅದನ್ನು ಎತ್ತಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, “ತುಂಬ ಚೆನ್ನಾಗಿದೆ,” ಎಂದರು ಹಿಂದಿಯಲ್ಲಿ.

ಹಿಮದಲ್ಲಿ ಕೂತಲ್ಲಿಂದಲೇ, “ನಾನು, ಸಾರ್?” ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು. ಮತ್ತೆ ಸ್ಕೀಯನ್ನು ನೋಡಿದರು.

“ನಿಜವಾಗಿಯೂ ತುಂಬ ಚೆನ್ನಾಗಿದೆ.”

ನಾಳೆಯಿಂದ ನನ್ನ ಬ್ಯಾಚು ಬೆಳಿಗ್ಗೆ ಒಂಬತ್ತಕ್ಕೆ. ಎಲ್ಲರೂ ಮೂಗು ಒರೆಸಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಾಲಾಗಿ ಬರಬೇಕೆಂದು ಸೂಚನೆ ಕೊಟ್ಟಿದ್ದಾರೆ.